ಓದಲಾಗದ ಎರಡೂವರೆ ಗಂಟೆ

ವೀಕ್ಷಣಾಲಯದ ಕ್ವಾರ್ಟರ್ಸ್, ಎರಡನೇ ಮನೆ
ಶನಿವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಟೇಪು,

ಚಿಕ್ಕಂದಿನಲ್ಲಿ ಟೇಪು ಹಿಡಿದು ಮನೆಯೆಲ್ಲಾ ಅಳೆಯುತ್ತಿದ್ದೆ ಎಂದು ನಾನಿಟ್ಟ ಹೆಸರನ್ನು ಇನ್ನೂ ಬಿಟ್ಟಿಲ್ಲ. ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೇ? ಪಾಠ ಮಾಡುವಾಗ ಸೀಮೆಸುಣ್ಣದ ಪುಡಿ ಗಂಟಲಿಗೆ ಹೋಗುತ್ತದೆ ಎಂದು ಹೋದ ತಿಂಗಳು ನೀನು ಅಮ್ಮನಿಗೆ ಬರೆದಿದ್ದೆ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಒಣ ಡಸ್ಟರ್ ಮುಟ್ಟಲೇಬೇಡ. ಅಮ್ಮನ ಹೆಸರಿಗೆ ಬಂದ ಪತ್ರದ ಸುದ್ದಿ ನನಗೆ ಹೇಗೆ ಗೊತ್ತು ಎಂದರೆ, ಅವಳು ಅಡುಗೆಮನೆಯಲ್ಲಿ ನಿಂತುಕೊಂಡು, ಪಕ್ಕದ ಕೋಣೆಯಲ್ಲಿರುವ ನನಗೆ ಕೇಳುವಷ್ಟು ಗಟ್ಟಿಯಾಗಿ ನಿನ್ನ ಪತ್ರ ಓದುತ್ತಾಳೆ. ನಾನು ಪೇಪರ್ ಓದುತ್ತಿರುವವನಂತೆ ಕೂತಿರುತ್ತೇನೆ. ಹೋದ ಸಲ ಪೇಪರ್ ತಲೆಕೆಳಗಾಗಿತ್ತು ಎಂದು ಆಮೇಲೆ ಹೇಳಿದಳು. ಸುಳ್ಳಿರಬೇಕು.

ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಅವಳೇ ಗೊಣಗುತ್ತಾಳೆ. ನನ್ನ ಬಲಗಡೆಯ ದವಡೆ ಹಲ್ಲು ಕೀಳಿಸಿದ್ದಾಯಿತು. ನಾಲಿಗೆ ದಿನಕ್ಕೆ ನೂರು ಸಲ ಆ ಖಾಲಿ ಜಾಗ ನೋಡಿಕೊಂಡು ಬರುತ್ತದೆ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ನಿನ್ನ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿತ್ತು, ಹೊಸ ಚಿಲಕ ಹಾಕಿಸಿದ್ದೇನೆ. ಬೇರೆ ಏನನ್ನೂ ಮುಟ್ಟಿಲ್ಲ.

ನಾನು ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ನೀನು ಹೋಗಿ ಎಂಟು ತಿಂಗಳಾಯಿತು. ಇದಕ್ಕೆ ಮುಂಚೆ ಮೂರು ಪತ್ರ ಶುರು ಮಾಡಿ ಹರಿದಿದ್ದೇನೆ. ಮೂರರಲ್ಲೂ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಆಕಾಶದ ಬಗ್ಗೆ ಪಾಠ ಶುರುವಾಗಿಬಿಡುತ್ತಿತ್ತು. ಇದರಲ್ಲೂ ಒಂದಿಷ್ಟು ಬರುತ್ತದೆ, ಸಹಿಸಿಕೋ. ಅದನ್ನು ಹೇಳದೆ ಮುಂದಿನದನ್ನು ಹೇಳಲು ನನಗೆ ಬರುವುದಿಲ್ಲ.

ಆ ಬುಧವಾರ ನಿನಗೆ ನೆನಪಿರುತ್ತದೆ, ನೀನು ಅಳತೆ ಮಾಡಿ ಸೇತುವೆಯ ಏಳನೇ ಕಂಬದ ಜಾಗಕ್ಕೆ ಗುರುತಿನ ಗೂಟ ಹೊಡೆದ ದಿನ. ಅದಕ್ಕೆ ಎರಡು ದಿನ ಮೊದಲು ಸೂರ್ಯ ಒಂದು ದೊಡ್ಡ ಮೋಡವನ್ನು ನಮ್ಮ ಕಡೆ ಉಗುಳಿದ್ದ. ಬುಧವಾರ ಮಧ್ಯಾಹ್ನ ಒಂದೂವರೆಗೆ ಅದು ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿತು. ಎರಡು ಗಂಟೆಯಿಂದ ನನ್ನ ಮೆಷಿನ್ನಿನ ಚಿತ್ರಗಳು ಕೆಡತೊಡಗಿದವು. ಚಿಕ್ಕವಳಿದ್ದಾಗ ನೀನು ನನ್ನ ಕುರ್ಚಿಯ ಪಕ್ಕ ಸ್ಟೂಲಿನಲ್ಲಿ ಕೂತು ಆ ಚಿತ್ರಗಳನ್ನು ನೋಡಿದ್ದೀಯ. ಹದಿನೈದು ನಿಮಿಷಕ್ಕೊಮ್ಮೆ ರೇಡಿಯೋ ಅಲೆಗಳನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತೇವೆ. ಅಯಾನುಗೋಳ, ಅಂದರೆ ಮೇಲಿನ ವಿದ್ಯುತ್ ತುಂಬಿದ ಗಾಳಿಯ ಪದರ, ಅವನ್ನು ವಾಪಸು ಕಳಿಸುತ್ತದೆ. ಬಂದ ಪ್ರತಿಧ್ವನಿ ಪರದೆಯ ಮೇಲೆ ಕೊಂಬಿನ ಹಾಗೆ ಬಾಗಿದ ಒಂದು ತೆಳು ಗೆರೆಯಾಗಿ ಮೂಡುತ್ತದೆ. ಆವತ್ತು ಗೆರೆಯೇ ಇರಲಿಲ್ಲ. ಹಸಿ ಶಾಯಿಯ ಮೇಲೆ ಯಾರೋ ತೋಳು ಎಳೆದ ಹಾಗೆ ಎಲ್ಲಾ ಹರಡಿಕೊಂಡಿತ್ತು. ಮುನ್ನೂರು ಕಿಲೋಮೀಟರ್ ಮೇಲೆ ನಯವಾಗಿ ಹಾಸಿಕೊಂಡಿರಬೇಕಾದ ಪದರ ಕಲಕಿಹೋಗಿತ್ತು. ಒಂದು ಕಡೆ ದಟ್ಟ, ಪಕ್ಕದಲ್ಲೇ ತೂತು, ನಡುವೆ ಸುಳಿಗಳು. ಮೂವತ್ತೊಂದು ವರ್ಷದ ಕೆಲಸದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಟೇಪು, ನನಗೆ ಅವತ್ತು ಎಷ್ಟು ಖುಷಿಯಾಗಿತ್ತು ಎಂದರೆ, ನಾಲ್ಕು ಗಂಟೆಯ ಟೀ ಕುಡಿಯುವುದನ್ನೂ ಮರೆತೆ.

ಸಂಜೆ ಸಿಳ್ಳೆ ಹಾಕಿಕೊಂಡು ಮನೆಗೆ ಬಂದೆ. ನೀನು ಬಾಗಿಲ ಹತ್ತಿರ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದೆ. ನಾನು ಅಲ್ಲೇ ನಿಂತು ಅರ್ಧ ಗಂಟೆ ಆ ಚಿತ್ರಗಳ ವರ್ಣನೆ ಮಾಡಿದೆ. ನಿನಗೆ ದಣಿವಾಗಿತ್ತು, ಆದರೂ ಹೂಂ ಹೂಂ ಎಂದು ಕೇಳಿದೆ. ಅವತ್ತು ಹಗಲು ನೀನೇನು ಮಾಡಿದೆ ಎಂದು ನಾನು ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಗಬಾರದ್ದು ಆಯಿತು. ನಿನ್ನ ಗೂಟದ ಮೇಲೆ ಡ್ರಿಲ್ಲಿಂಗ್ ಮೆಷಿನ್ ಇಳಿಯಿತು. ಎರಡೂವರೆ ಅಡಿ ದೂರದಲ್ಲಿ ಇರಬೇಕಾಗಿದ್ದ ಊರಿನ ದೊಡ್ಡ ನೀರಿನ ಪೈಪು ಅದರ ಬಾಯಿಗೇ ಸಿಕ್ಕಿತು. ಗುಂಡಿ ತುಂಬಿ, ದಂಡೆ ಕುಸಿದು, ಮೆಷಿನ್ ವಾಲಿ, ಅದನ್ನು ನಡೆಸುವವನನ್ನು ನೀನು ಡ್ರಿಲ್ಲಣ್ಣ ಎಂದು ಕರೆಯುತ್ತಿದ್ದೆಯಲ್ಲ, ಅವನ ಎಡಗಾಲು ಕೆಳಗೆ ಸಿಕ್ಕಿಕೊಂಡಿತು. ಅವತ್ತು ಸಂಜೆ ಊಟದ ಮೇಜಿನ ಮುಂದೆ ನೀನು ತಟ್ಟೆ ಮುಟ್ಟದೆ ಕೂತಿದ್ದೆ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದೆ, "ಅಪ್ಪಾ, ನಿನ್ನೆ ನೀವು ಹೇಳಿದ್ರಲ್ಲ, ಮೇಲೆ ಎಲ್ಲಾ ಕಲಕಿಹೋಗಿದೆ ಅಂತ. ಅದರಿಂದ ಏನಾದ್ರೂ ಹೀಗಾಗಿರಬಹುದಾ?"

ನಾನು ಏನು ಹೇಳಿದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು, ಗೋಡೆಯ ಆಚೆ ನಿಂತಿದ್ದ ಅಮ್ಮನಿಗೂ ಗೊತ್ತು. ಆದರೂ ನನ್ನ ಕೈಯಲ್ಲೇ ಬರೆಯುತ್ತೇನೆ. "ನೆಪ ಹುಡುಕಬೇಡ. ಆಕಾಶಕ್ಕೆ ನಿನ್ನ ಗೂಟದ ಗೊಡವೆ ಇಲ್ಲ. ಒಬ್ಬ ಮನುಷ್ಯನ ಕಾಲು ಹೋಗಿದೆ, ಮೊದಲು ಅದನ್ನು ಒಪ್ಪಿಕೊಳ್ಳೋದು ಕಲಿ." ನೀನು ಮತ್ತೆ ಆ ಮಾತು ಎತ್ತಲಿಲ್ಲ, ನನ್ನ ಹತ್ತಿರವೂ ಇಲ್ಲ, ವಿಚಾರಣೆಯಲ್ಲೂ ಇಲ್ಲ. ಮೂರು ವಾರವಾದ ಮೇಲೆ ಬಂದ ಒಂದು ಪುಟದ ವರದಿಯಲ್ಲಿ ಅಳತೆಗಾರ್ತಿಯ ನಿರ್ಲಕ್ಷ್ಯ ಎಂದು ಬರೆದಿದ್ದರು. ಅದರ ಮುಂದಿನ ಸೋಮವಾರ ನೀನು ಎರಡು ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ನಾನು ಆಫೀಸಿನಲ್ಲಿದ್ದೆ. ಬೇಕೆಂದೇ ಇದ್ದೆ.

ಯಾಕೆ ಹಾಗಂದೆ ಎಂದು ಬಹಳ ಯೋಚನೆ ಮಾಡಿದ್ದೇನೆ. ಅಪ್ಪ ವೀಕ್ಷಣಾಲಯದವನು, ಮಗಳಿಗಾಗಿ ಆಕಾಶವನ್ನೇ ಸಾಕ್ಷಿಗೆ ಎಳೆದು ತಂದ ಎಂದು ಜನ ನಗುತ್ತಾರೆ ಎನ್ನುವ ಹೆದರಿಕೆ ಇತ್ತು. ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ಆ ಮಧ್ಯಾಹ್ನ ನನ್ನದಾಗಿತ್ತು, ನನ್ನ ಬದುಕಿನ ಅತಿ ಒಳ್ಳೆಯ ಮಧ್ಯಾಹ್ನ. ಅದರ ಮೇಲೆ ಯಾರದೋ ರಕ್ತ ಬೀಳುವುದು ನನಗೆ ಬೇಕಿರಲಿಲ್ಲ. ಇದು ನಾಚಿಕೆಯ ಮಾತು. ನಿನಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ಆಮೇಲೆ ಈ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಮ್ಮ ಒಂದೇ ಒಂದು ಸಲ, ಪಾತ್ರೆ ಒರೆಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು, "ನಿಮಗೆ ಮುನ್ನೂರು ಕಿಲೋಮೀಟರ್ ಮೇಲಿಂದು ಕಾಣತ್ತೆ. ಮೇಜಿನ ಆಚೆ ಕೂತಿದ್ದೋಳು ಕಾಣ್ಲಿಲ್ಲ." ಅವಳು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಸೂಜಿ ಚುಚ್ಚಿದ್ದು ಚುಚ್ಚಿಸಿಕೊಂಡವನಿಗೆ ಅರ್ಧ ನಿಮಿಷ ತಡವಾಗಿ ತಿಳಿಯುವ ಹಾಗೆ ಚುಚ್ಚುತ್ತಾಳೆ. ನನಗಂತೂ ತಿಂಗಳುಗಟ್ಟಲೆ ಹಿಡಿಯಿತು.

ಎರಡು ತಿಂಗಳ ಹಿಂದೆ ಒಬ್ಬ ಸಂಶೋಧಕಿ ನಮ್ಮಲ್ಲಿಗೆ ಬಂದಳು. ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಹೆಗಲಿಗೆ ದೊಡ್ಡ ಚೀಲ, ಮಾತು ಮಾತ್ರ ಚಾಕುವಿನಷ್ಟು ಚುರುಕು. ಆ ಭೂಕಾಂತೀಯ ಬಿರುಗಾಳಿಯ ದಿನದ ನನ್ನ ರಿಜಿಸ್ಟರು ಅವಳಿಗೆ ಬೇಕಾಗಿತ್ತು. ಯಾಕೆ ಎಂದು ಕೇಳಿದೆ. ಮೇಲಿನಿಂದ ತೆಗೆದ ಒಂದು ಹೊಲದ ಫೋಟೋ ತೋರಿಸಿದಳು. ಉಪಗ್ರಹ ನೋಡಿಕೊಂಡು ತಾನೇ ಓಡುವ ಟ್ರ್ಯಾಕ್ಟರ್ ಬಿತ್ತಿದ ಸಾಲುಗಳು ನೂರಾರು ಅಡಿ ಸ್ಕೇಲು ಹಿಡಿದು ಎಳೆದಂತೆ ಹೋಗಿ, ಒಂದು ಜಾಗದಲ್ಲಿ ಎಲ್ಲವೂ ಬಿಕ್ಕಳಿಕೆ ಬಂದ ಹಾಗೆ ಪಕ್ಕಕ್ಕೆ ಜಿಗಿದಿದ್ದವು. "ಮೂರೂ ಹತ್ತಕ್ಕೆ ಆದದ್ದು ಸಾರ್. ಡ್ರೈವರ್ ಪಾಪ, ನಾನು ಸ್ಟಿಯರಿಂಗ್ ಮುಟ್ಟೇ ಇಲ್ಲ ಅಂತಾನೆ. ಅವನ ಮಾತು ಯಾರೂ ನಂಬ್ತಿಲ್ಲ," ಎಂದಳು.

ನಾನು ಕೈಯಲ್ಲಿದ್ದ ಟೀ ಕಪ್ಪನ್ನು ಕೆಳಗಿಟ್ಟೆ. ನಿನ್ನ ಅಳತೆಯ ಮೆಷಿನ್ನಿಗೂ ಉಪಗ್ರಹದ ಸಂಕೇತ ಆ ಕಲಕಿದ ಪದರ ದಾಟಿಯೇ ಬರಬೇಕು.

ಬೀರುವಿನಿಂದ ರಿಜಿಸ್ಟರು ತೆಗೆದೆ. ಎರಡು ಗಂಟೆಯಿಂದ ನಾಲ್ಕೂವರೆವರೆಗಿನ ಅಷ್ಟೂ ಸಾಲುಗಳಲ್ಲಿ, ಅಂಕಿ ಬರೆಯಬೇಕಾದ ಜಾಗದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ ಒಂದೇ ಮಾತು ಇತ್ತು: "ಪ್ರತಿಧ್ವನಿ ಚದುರಿದೆ. ಓದಲಾಗದು." ನೋಡು, ಮೂವತ್ತೊಂದು ವರ್ಷದ ಅನುಭವದ ನಾನು ಓದಲಾಗದು ಎಂದು ಬರೆದು ಕೈತೊಳೆದುಕೊಂಡಿದ್ದ ಆಕಾಶದ ಕೆಳಗೆ, ಹದಿನೆಂಟು ಕಿಲೋಮೀಟರ್ ಆಚೆ, ನೀನು ಉಪಗ್ರಹದ ರಿಸೀವರು ಕಟ್ಟಿದ ಕೋಲು ಹಿಡಿದು ನಿಂತಿದ್ದೆ. ನಿನ್ನ ರಿಸೀವರು, ನಿನಗೆ ಅಳತೆ ತಿದ್ದಿ ಕೊಡುವ ನಲವತ್ತು ಕಿಲೋಮೀಟರ್ ದೂರದ ಸ್ಟೇಷನ್ನು, ಎರಡರ ನೆತ್ತಿಯ ಮೇಲೂ ಒಂದೇ ಥರದ ಪದರವಿದೆ ಎಂದು ನಂಬಿಕೊಂಡು ಲೆಕ್ಕ ಹಾಕುತ್ತವೆ. ಆವತ್ತು ಅವೆರಡರ ಮೇಲೂ ಇದ್ದದ್ದು ಬೇರೆ ಬೇರೆ ಆಕಾಶ. ಮೆಷಿನ್ ತಪ್ಪು ಲೆಕ್ಕಕ್ಕೆ ಗಂಟು ಬಿದ್ದು, ಸರಿಯಾಗಿದೆ ಎಂದು ಹಸಿರು ದೀಪ ತೋರಿಸಿತು. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುವುದೇ. ನೀನು ಕೇಳಿದ್ದೂ ಇದನ್ನೇ.

ಇನ್ನೂ ಒಂದಿದೆ. ಬಿರುಗಾಳಿ ಬರುತ್ತದೆ ಎಂದು ಹಿಂದಿನ ದಿನ ಹನ್ನೊಂದು ಗಂಟೆಗೇ ನಮ್ಮಿಂದ ಎಚ್ಚರಿಕೆ ಹೋಗಿತ್ತು. ವಿಮಾನದವರಿಗೆ, ಹಡಗಿನವರಿಗೆ, ರೇಡಿಯೋದವರಿಗೆ, ವಿದ್ಯುತ್ತಿನವರಿಗೆ. ಅಳತೆಯವರಿಗೆ, ಕಟ್ಟಡ ಕಟ್ಟುವವರಿಗೆ ಹೋಗಿರಲಿಲ್ಲ. ಆ ಪಟ್ಟಿ ಹನ್ನೆರಡು ವರ್ಷದ ಹಿಂದಿನದು. ಟೈಪು ಮಾಡಿದವನು ನಾನೇ. ಅಲ್ಲಿಂದ ಇಲ್ಲಿವರೆಗೆ ಮಗಳು ಸರ್ವೆ ಓದಿ, ಕೆಲಸಕ್ಕೆ ಸೇರಿ, ದಿನಾ ಬೆಳಿಗ್ಗೆ ಅಳತೆಯ ಮೆಷಿನ್ನಿನ ಆ ಹಳದಿ ಪೆಟ್ಟಿಗೆ ಹೊತ್ತುಕೊಂಡು ನನ್ನ ಕಣ್ಣ ಮುಂದೆಯೇ ಹೊರಡುತ್ತಿದ್ದರೂ, ಒಂದು ಸಾಲು ಸೇರಿಸಬೇಕು ಎಂದು ನನಗೆ ಹೊಳೆಯಲಿಲ್ಲ.

ಮಾರನೇ ದಿನ ರಜೆ ಹಾಕಿ ನಿನ್ನ ಕಂಪನಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆ ಕೋಣೆ. ಎಂಜಿನಿಯರು ರಿಜಿಸ್ಟರನ್ನು ತೆರೆದೂ ನೋಡಲಿಲ್ಲ. "ಮುಗಿದುಹೋದ ವಿಷಯ ಸಾರ್, ಯಾಕೆ ಕೆದಕ್ತೀರಿ. ನಿಮ್ಮ ಮಗಳಿಗೂ ಬೇರೆ ಕಡೆ ಕೆಲಸ ಸಿಕ್ಕಿದೆಯಲ್ಲ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮರ್ಯಾದೆಯಿಂದಲೇ ಹೊರಗೆ ಹಾಕಿದರು ಅನ್ನು. ರಸ್ತೆಯಲ್ಲಿ ನಿಂತು, ಇನ್ನು ಯಾರ ಹತ್ತಿರ ಹೋಗುವುದು ಎಂದು ಯೋಚಿಸಿದೆ. ಉಳಿದದ್ದು ಒಬ್ಬನೇ. ಅವನ ಹತ್ತಿರ ಎಂಟು ತಿಂಗಳ ಹಿಂದೆಯೇ ಹೋಗಬೇಕಿತ್ತು.

ಡ್ರಿಲ್ಲಣ್ಣ ಈಗ ಒಂದು ಗೋದಾಮಿನ ಗೇಟಿನಲ್ಲಿ ಕೂತು ಲಾರಿ ನಂಬರು ಬರೆದುಕೊಳ್ಳುತ್ತಾನೆ. ಮನೆ ಅಲ್ಲೇ ಹಿಂದೆ. ಮೂರು ಮೆಟ್ಟಿಲು, ಪಕ್ಕದಲ್ಲಿ ತಾನೇ ವೆಲ್ಡ್ ಮಾಡಿಕೊಂಡ ಕಂಬಿ. ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ್ದಾರೆ. ನಾನು ಯಾರೆಂದು ಹೇಳಿಕೊಂಡಾಗ ಬೈಯುತ್ತಾನೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವನು ಎದ್ದು ನಿಲ್ಲಲು ಹೊರಟ. ನಾನು ಬೇಡ ಬೇಡ ಎಂದೆ. ಅವನು ಕೇಳದೆ ನಿಂತೇಬಿಟ್ಟ. "ಮೇಡಂ ಅವರ ತಂದೇನಾ? ಆಸ್ಪತ್ರೆಗೆ ಹತ್ತೊಂಬತ್ತು ದಿನ ಬಂದ್ರು ಸಾರ್ ಅವರು. ಒಂದಿನಾನೂ ಕೂತ್ಕೊಳ್ಳಲಿಲ್ಲ. ಕುರ್ಚಿ ಖಾಲಿ ಇದ್ರೂ ನಿಂತೇ ಇರೋರು."

ನನಗೆ ಗೊತ್ತಿರಲಿಲ್ಲ, ಮಗಳೇ. ಆ ದಿನಗಳಲ್ಲಿ ನೀನು ಸಂಜೆ ತಡವಾಗಿ ಬರುತ್ತಿದ್ದೆ. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ. ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದಾಳೆ ಎಂದುಕೊಂಡೆ. ಒಪ್ಪಿಕೊಳ್ಳುವುದು ಕಲಿ ಎಂದು ಯಾರಿಗೆ ಹೇಳಿದ್ದೆನೋ ಅವಳು ದಿನಾ ಹೋಗಿ ಅವನ ಮಂಚದ ಪಕ್ಕ ನಿಂತು ಬರುತ್ತಿದ್ದಳು.

ಆಮೇಲೆ ಅವನು ಆ ಬುಧವಾರದ ವಿಷಯ ಹೇಳಿದ. ಅವನ ಮಾತಿನಲ್ಲೇ ಬರೆಯುತ್ತೇನೆ. "ನಾನು ಮಣ್ಣಿನ ಗುಡ್ಡೆ ಮೇಲೆ ಕೂತು ಟೀ ಕುಡೀತಿದ್ದೆ. ಮೇಡಂ ಒಂದೇ ಗೂಟಕ್ಕೆ ಮೂರು ಸಲ ಬಂದ್ರು. ಕೋಲು ಇಡೋದು, ನೋಡೋದು, ಹೋಗೋದು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಬರೋದು. ಏನ್ ಮೇಡಂ, ಗೂಟಕ್ಕೇನು ಜ್ವರಾನಾ, ಗಳಿಗೆಗೊಂದು ಸಲ ನೋಡ್ತಿದ್ದೀರಿ ಅಂತ ತಮಾಷೆ ಮಾಡ್ದೆ. ಯಾಕೋ ಸರಿ ಅನ್ನಿಸ್ತಿಲ್ಲ ಅಣ್ಣಾ, ಆದ್ರೆ ಮೂರು ಸಲಾನೂ ಹಸಿರೇ ತೋರಿಸ್ತಿದೆ ಅಂದ್ರು." ಇದನ್ನು ವಿಚಾರಣೆಯಲ್ಲಿ ಹೇಳಿದೆಯಾ ಎಂದು ಕೇಳಿದೆ. ನಕ್ಕುಬಿಟ್ಟ. "ಯಾರು ಕೇಳಿದ್ರು ಸಾರ್? ನನ್ನನ್ನ ಎಲ್ಲರೂ ಕೇಳಿದ್ದು ಒಂದೇ, ಎಲ್ಲಿ ನೋಯತ್ತೆ ಅಂತ."

ಇಬ್ಬರೂ ಸೇರಿ ವಿಚಾರಣಾ ಮಂಡಳಿಗೆ ಅರ್ಜಿ ಕೊಟ್ಟೆವು. ಕಾಗದವನ್ನು ನಾನು ಬರೆದೆ. ಉದ್ದವಾಯಿತು ಎಂದು ಅವನು ಅರ್ಧ ಹೊಡೆದುಹಾಕಿಸಿದ. ಒಳ್ಳೆಯದೇ ಆಯಿತು. ಮಂಡಳಿಯ ಆದೇಶದಿಂದ ನಿನ್ನ ರಿಸೀವರಿನಲ್ಲಿ ಉಳಿದಿದ್ದ ಆ ದಿನದ ಕಡತಗಳು ಸಂಶೋಧಕಿಯ ಕೈಗೆ ಬಂದವು. ಅವಳು ಹದಿನೈದು ದಿನ ಕೂತು, ಕಲಕಿದ ಪದರದ ಲೆಕ್ಕವನ್ನು ಕಳೆದು ನಿನ್ನ ಗೂಟ ಎಲ್ಲಿ ಬೀಳಬೇಕಿತ್ತು ಎಂದು ತೆಗೆದಳು. ಎಪ್ಪತ್ತನಾಲ್ಕು ಸೆಂಟಿಮೀಟರ್ ಉತ್ತರಕ್ಕೆ. ನಕ್ಷೆಯಲ್ಲಿ ಕಂಬದ ಜಾಗ ಗುರುತು ಮಾಡಿದ್ದ ಕಡೆಗೇ, ಎರಡು ಬೆರಳಿನಷ್ಟೂ ಆಚೀಚೆ ಇಲ್ಲದೆ.

ಹೋದ ಮಂಗಳವಾರ ಮಂಡಳಿ ಕೂತಿತು. ಉದ್ದನೆಯ ಮೇಜು, ಮೂರು ಜನ. ಅಧ್ಯಕ್ಷರು ಒಬ್ಬ ವಯಸ್ಸಾದ ಹೆಂಗಸು, ಹಿಂದೆ ಅಣೆಕಟ್ಟು ಕಟ್ಟಿಸಿದ ಎಂಜಿನಿಯರಂತೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೀವು ತಂದೆ. ನಿಮ್ಮ ಮಾತಿಗೆ ಎಷ್ಟು ಬೆಲೆ ಕೊಡಬೇಕು ಹೇಳಿ," ಎಂದರು. ನಾನು, "ನನ್ನ ಮಾತಿಗೆ ಬೇಡ, ಈ ರಿಜಿಸ್ಟರಿಗೆ ಕೊಡಿ. ಇದನ್ನು ಬರೆಯುವಾಗ ನಾನು ತಂದೆಯಾಗಿರಲಿಲ್ಲ. ಆಗಿದ್ದಿದ್ದರೆ ಮಗಳಿಗೆ ಒಂದು ಫೋನ್ ಮಾಡುತ್ತಿದ್ದೆ," ಎಂದೆ. ಅವರು ಪೆನ್ನು ಕೆಳಗಿಟ್ಟರು. ರಿಜಿಸ್ಟರಿನ ಪುಟ ತಿರುವಿ, ಅಳತೆಯವರಿಗೆ ಎಚ್ಚರಿಕೆ ಯಾಕೆ ಹೋಗಲಿಲ್ಲ, ಆ ಪಟ್ಟಿ ಮಾಡಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅದನ್ನೂ ಬರೆದುಕೊಂಡರು. ಡ್ರಿಲ್ಲಣ್ಣ ತನ್ನ ಸರದಿ ಬಂದಾಗ ಗೂಟದ ಜ್ವರದ ಕತೆಯನ್ನು ಹಾಗೇ ಹೇಳಿದ. ಮೂವರಲ್ಲಿ ಒಬ್ಬರು ನಕ್ಕು, ಆಮೇಲೆ ಅವನ ಕಾಲು ನೋಡಿ ಕುರ್ಚಿ ತರಿಸಿದರು.

ಹೊಸ ವರದಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿರ್ಲಕ್ಷ್ಯ ಎಂಬ ಮಾತನ್ನು ತೆಗೆದುಹಾಕಿದ್ದಾರೆ. ಅಳತೆಯಲ್ಲಿ ಬಂದ ದೋಷಕ್ಕೆ ಅಯಾನುಗೋಳದ ಪ್ರಕ್ಷುಬ್ಧತೆ ಕಾರಣ ಎಂದು ಬರೆದಿದ್ದಾರೆ. ನೆಲದ ಮೇಲಿನ ಗುರುತುಕಲ್ಲಿನಿಂದ ಟೇಪು ಹಿಡಿದು ಇನ್ನೊಮ್ಮೆ ನೋಡಬೇಕು ಎಂಬ ನಿಯಮವನ್ನೇ ಕಂಪನಿ ಮಾಡಿರಲಿಲ್ಲ ಎಂದೂ, ವೀಕ್ಷಣಾಲಯದ ಪಟ್ಟಿ ಹಳತು ಎಂದೂ ಬರೆದಿದ್ದಾರೆ. ಪಟ್ಟಿಗೆ ನಲವತ್ತಮೂರು ಹೆಸರು ಸೇರಿಸಿದ್ದಾಯಿತು. ಅದರಲ್ಲಿ ಟ್ರ್ಯಾಕ್ಟರಿನವರೂ ಇದ್ದಾರೆ.

ನಿನ್ನದು ಏನೂ ತಪ್ಪಿಲ್ಲ ಎಂದು ನಾನು ಬರೆದರೆ ನೀನು ನಂಬುವವಳಲ್ಲ. ನಿಯಮ ಇಲ್ಲದಿದ್ದರೂ ಟೇಪು ಎಳೆದು ನೋಡಬೇಕಿತ್ತು ಎಂದು ಆಸ್ಪತ್ರೆಯಲ್ಲಿ ನೀನೇ ಅವನಿಗೆ ಹೇಳಿದ್ದೀಯಂತೆ. ನೋಡಬೇಕಿತ್ತು, ಹೌದು. ಅದು ನಿನ್ನ ಪಾಲು, ಅದನ್ನು ನಿನ್ನಿಂದ ಕಿತ್ತುಕೊಳ್ಳುವುದಿಲ್ಲ. ಆದರೆ ಇಡೀ ಹೊರೆಯನ್ನು ಒಬ್ಬಳೇ ಹೊತ್ತುಕೊಂಡು ಹೋದೆಯಲ್ಲ, ಅದರಲ್ಲಿ ಹೆಚ್ಚಿನ ಪಾಲು ಬೇರೆಯವರದ್ದು, ಒಂದು ದೊಡ್ಡ ಪಾಲು ನನ್ನದು. ಪಟ್ಟಿಯ ತಪ್ಪು ಮರೆವಿನಿಂದ ಆದದ್ದು. ಮೇಜಿನ ಮುಂದೆ ಆದದ್ದು ಹಾಗಲ್ಲ. ನೀನು ಸರಿಯಾದ ಪ್ರಶ್ನೆಯನ್ನು ಸರಿಯಾದ ಮನುಷ್ಯನಿಗೆ ಕೇಳಿದೆ, ಆ ಮನುಷ್ಯ ನಿನ್ನ ಬಾಯಿ ಮುಚ್ಚಿಸಿದ. ತಪ್ಪಾಯಿತು, ಮಗಳೇ. ಕ್ಷಮಿಸಲೇಬೇಕು ಎಂದು ಕೇಳುತ್ತಿಲ್ಲ. ನಿನಗೆ ಯಾವಾಗ ಆಗುತ್ತದೋ ಆಗ.

ಬೆಳಿಗ್ಗೆ ಬೇಗ ಊಟದ ಡಬ್ಬಿ ಕಟ್ಟಿಕೊಳ್ಳಲು ಆಗುವುದಿಲ್ಲ ಎಂದು ಬರೀ ಬ್ರೆಡ್ಡು ತಿಂದು ಹೋಗಬೇಡ. ಇದು ಅಮ್ಮನ ಮಾತು, ಅಡುಗೆಮನೆಯಿಂದ ಕೂಗಿ ಬರೆಸುತ್ತಿದ್ದಾಳೆ. ಎಲ್ಲಿದ್ದರೂ ಆರೋಗ್ಯವಾಗಿ, ತಲೆ ಎತ್ತಿಕೊಂಡು ಇರು. ನಮ್ಮಿಬ್ಬರ ಆಶೀರ್ವಾದ ನಿನ್ನ ಮೇಲಿದೆ, ನೀನು ಕೇಳಿದರೂ ಕೇಳದಿದ್ದರೂ.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಡ್ರಿಲ್ಲಣ್ಣ ಬಂದಿದ್ದ, ಈಗಷ್ಟೇ ಹೋದ. ಏಳನೇ ಕಂಬದ ಕೆಲಸ ಇಷ್ಟು ದಿನ ನಿಂತಿತ್ತಲ್ಲ, ಮುಂದಿನ ತಿಂಗಳು ಐದಕ್ಕೆ ಶುರು ಮಾಡುತ್ತಾರಂತೆ. ಹೊಸ ಮೆಷಿನ್ನಿಗೆ ಕಾಲಿನ ಕೆಲಸವಿಲ್ಲ, ಎಲ್ಲಾ ಕೈಯಲ್ಲೇ, ಬಾ ಎಂದು ಅವನನ್ನು ಕರೆದಿದ್ದಾರೆ. ಅವನು ಒಪ್ಪಿಲ್ಲ. "ಗೂಟ ಮೇಡಂ ಹೊಡೆದ್ರೆ ನಾನು ಮೆಷಿನ್ ಹತ್ತುತ್ತೀನಿ, ಬೇರೆಯವರು ಹೊಡೆದ್ರೆ ಹತ್ತಲ್ಲ," ಎಂದು ಎಂಜಿನಿಯರಿಗೆ ಹೇಳಿ ಬಂದಿದ್ದಾನೆ. ನಿನ್ನ ಉತ್ತರ ತಿಳಿಸಲು ಅವರು ಹದಿನೈದು ದಿನದ ಗಡುವು ಕೊಟ್ಟಿದ್ದಾರೆ. ಬಾ ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ, ಆ ಹಕ್ಕು ನನಗಿಲ್ಲ. ಅವನ ವಿಳಾಸವನ್ನು ವರದಿಯ ಹಿಂಬದಿಯಲ್ಲಿ ಬರೆದಿದ್ದೇನೆ. ನನಗೆ ಆಮೇಲೆ ಬರೆದರೂ ನಡೆಯುತ್ತದೆ, ಅವನಿಗೆ ಮೊದಲು ಬರೆ. ಅಂಚೆಯವನು ಡಬ್ಬಿ ಖಾಲಿ ಮಾಡುವ ಹೊತ್ತಾಯಿತು, ಓಡುತ್ತೇನೆ.